ಪ್ರವಾಸಕ್ಕೆ ಮುಡಿಪು ಕಟ್ಟುವುದು ಹೇಗೆ: ಮೈಸೂರಿನ ಮನೆಯೊಂದರ ಹತ್ತು ತಿಂಗಳ ಲೆಕ್ಕ

ಹಿಂದೆ ತಿರುಪತಿಗೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹರಕೆ ಹೊತ್ತವರು ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಮನೆಯಲ್ಲಿ ಇಡುತ್ತಿದ್ದರು. ಅದಕ್ಕೆ ಮುಡಿಪು ಎಂದು ಹೆಸರು. ಮನೆಯಲ್ಲಿ ಅಕ್ಕಿ ಮುಗಿದು ಪಕ್ಕದ ಮನೆಯಿಂದ ಕೈಗಡ ತರುವ ಪರಿಸ್ಥಿತಿ ಬಂದರೂ ಆ ಗಂಟನ್ನು ಯಾರೂ ಬಿಚ್ಚುತ್ತಿರಲಿಲ್ಲ, ಏಕೆಂದರೆ ಕಟ್ಟಿದ ಗಳಿಗೆಯಿಂದಲೇ ಅದು ಮನೆಯವರ ಹಣವಾಗಿ ಉಳಿಯುತ್ತಿರಲಿಲ್ಲ. ಪ್ರವಾಸಕ್ಕೆಂದು ಉಳಿತಾಯ ಆರಂಭಿಸಿದ ಅನೇಕ ಮನೆಗಳಲ್ಲಿ ಖರ್ಚೇನೋ ಕಡಿಮೆಯಾಗುತ್ತದೆ. ಆದರೆ ಹಾಗೆ ಉಳಿದ ಹಣ ಅದೇ ಸಂಬಳದ ಖಾತೆಯಲ್ಲಿ ಕುಳಿತಿದ್ದು, ತಿಂಗಳ ಕೊನೆಗೆ ಇನ್ನಾವುದೋ ಬಾಬತ್ತಿಗೆ ಕರಗಿಹೋಗುತ್ತದೆ. ನಮ್ಮ ಮನೆಯಲ್ಲಿಯೂ ಎರಡು ವರ್ಷ ಹೀಗೆಯೇ ಆಯಿತು. ಮೂರನೆಯ ವರ್ಷ ಅತ್ತೆಯವರು ಹೇಳಿದ ಮುಡಿಪಿನ ಕ್ರಮವನ್ನು ಹಿಡಿದ ಮೇಲೆಯೇ ನಾವು ಹಂಪಿ, ಬಾದಾಮಿ, ಪಟ್ಟದಕಲ್ಲುಗಳನ್ನು ಸಾಲವಿಲ್ಲದೆ ನೋಡಿ ಬರಲು ಸಾಧ್ಯವಾಯಿತು. ಆ ಹತ್ತು ತಿಂಗಳ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಕುವೆಂಪುನಗರದ ನಮ್ಮ ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ ಮತ್ತು 13 ವರ್ಷದ ಮಗಳು ಸೇರಿ ನಾಲ್ವರಿದ್ದೇವೆ. ನಿಮ್ಮ ಮನೆಯ ಅಂಕಿಗಳು ಬೇರೆಯಿರುತ್ತವೆ, ಲೆಕ್ಕ ಹಾಕುವ ಕ್ರಮ ಮಾತ್ರ ಇದೇ.

ಮೊದಲ ಹೆಜ್ಜೆ: ಊರು ಮತ್ತು ಮೊತ್ತವನ್ನು ನಿಶ್ಚಯಿಸುವುದು

"ಎಲ್ಲಿಗಾದರೂ ಹೋಗಿಬರೋಣ" ಎಂಬ ಆಸೆಯ ಸಲುವಾಗಿ ಯಾರೂ ಭಾನುವಾರದ ಹೋಟೆಲ್ ಊಟವನ್ನು ಬಿಡುವುದಿಲ್ಲ. ಹೋಗುವ ಊರು, ಹೋಗುವ ತಿಂಗಳು, ಹೋಗುವವರ ಸಂಖ್ಯೆ ಇವು ಮೂರನ್ನೂ ಕಾಗದದ ಮೇಲೆ ಬರೆದ ನಂತರವೇ ಖರ್ಚಿನ ಮಾತಿಗೆ ಇಳಿಯಬೇಕು. ನಾವು ಆರಿಸಿಕೊಂಡದ್ದು ನವೆಂಬರ್ ತಿಂಗಳಿನ ಐದು ದಿನಗಳು. ಆ ಹೊತ್ತಿಗೆ ದಸರೆಯ ರಜೆಯ ಜನಸಂದಣಿ ಮುಗಿದಿರುತ್ತದೆ, ಹಂಪಿಯ ಬಂಡೆಗಳ ನಡುವೆ ಹಗಲಿನಲ್ಲಿ ಓಡಾಡುವಷ್ಟು ತಂಪೂ ಇರುತ್ತದೆ. ಮೈಸೂರಿನಿಂದ ಹೊರಡುವ ಹಂಪಿ ಎಕ್ಸ್‌ಪ್ರೆಸ್ ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಹೊಸಪೇಟೆಗೆ ಮುಟ್ಟಿಸುತ್ತದೆ. ಅಲ್ಲಿಂದ ಬಾದಾಮಿಗೆ ಬಸ್ಸು ಹಿಡಿದರೆ, ಹಿಂದಿರುಗಲು ಬಾದಾಮಿಯ ಮೇಲೆಯೇ ಹಾದು ಮೈಸೂರಿಗೆ ಬರುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ. ಆ ಐದು ದಿನಗಳ ಹಿಂದಿನ ಮತ್ತು ಕೊನೆಯ ರಾತ್ರಿ, ಹೀಗೆ ಎರಡು ರಾತ್ರಿ ರೈಲಿನಲ್ಲಿಯೇ ಕಳೆಯುವುದರಿಂದ ಆ ಎರಡು ರಾತ್ರಿಗಳ ಕೋಣೆ ಬಾಡಿಗೆ ತಾನಾಗಿಯೇ ಉಳಿಯುತ್ತದೆ.

ಅಂದಾಜನ್ನು ಸ್ವಲ್ಪ ಮೇಲಕ್ಕೆ ಹಿಡಿಯುವುದು ಕ್ಷೇಮ. ಸ್ಲೀಪರ್ ದರ್ಜೆಯಲ್ಲಿ ನಾಲ್ವರು ಹೋಗಿಬರಲು 3,200 ರೂಪಾಯಿ, ನಾಲ್ಕು ರಾತ್ರಿಯ ಕೋಣೆಗೆ ದಿನಕ್ಕೆ 2,200ರಂತೆ 8,800, ಹಂಪಿಯಲ್ಲಿ ಎರಡು ದಿನದ ಆಟೋಗೆ 3,000, ಬಾದಾಮಿಯಿಂದ ಪಟ್ಟದಕಲ್ಲು ಮತ್ತು ಐಹೊಳೆಗೆ ಹೋಗಿಬರುವ ಆಟೋಗೆ 2,000, ಊಟ ತಿಂಡಿಗೆ ದಿನಕ್ಕೆ 1,500ರಂತೆ 7,500, ಪ್ರವೇಶ ಶುಲ್ಕ ಹಾಗೂ ಅರ್ಧ ದಿನದ ಗೈಡ್ ಸೇರಿ 2,000 ಎಂದು ಬರೆದುಕೊಂಡೆವು. ಹೊಸಪೇಟೆಯಿಂದ ಬಾದಾಮಿಯವರೆಗಿನ ಬಸ್ಸಿಗೆ 300 ರೂಪಾಯಿ ಮಾತ್ರ ಹಿಡಿದೆವು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಓಡುವ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲದಿರುವುದರಿಂದ ನಮ್ಮ ಪೈಕಿ ಟಿಕೆಟ್ ಕೊಳ್ಳಬೇಕಾದವರು ಯಜಮಾನರೊಬ್ಬರೇ. ಎಲ್ಲ ಕೂಡಿದರೆ 26,800. ಅದಕ್ಕೆ ನೂರಕ್ಕೆ ಹತ್ತರಂತೆ ಮೇಲುಖರ್ಚು ಸೇರಿಸಿದರೆ 29,480. ದುಂಡು ಲೆಕ್ಕದಲ್ಲಿ 30,000 ರೂಪಾಯಿ, ಜನವರಿಯಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ 3,000. ಮುಂದಿನ ಎಲ್ಲ ಹೆಜ್ಜೆಗಳೂ ಈ 3,000ವನ್ನು ಮನೆಯ ಖರ್ಚಿನೊಳಗಿನಿಂದ ಹೊರತೆಗೆಯುವ ಕೆಲಸವೇ.

ಎರಡನೆಯ ಹೆಜ್ಜೆ: ಒಂದು ತಿಂಗಳು ಏನನ್ನೂ ಕಡಿಮೆ ಮಾಡದೆ ಬರೆಯುವುದು

ಮೊದಲ ದಿನವೇ ಖರ್ಚಿಗೆ ಕತ್ತರಿ ಹಾಕುವ ಉತ್ಸಾಹವನ್ನು ಅದುಮಿಡಬೇಕು. ಯಾವ ಬಾಬತ್ತಿಗೆ ಎಷ್ಟು ಹೋಗುತ್ತಿದೆಯೆಂದು ತಿಳಿಯದೆ ಕತ್ತರಿಸಿದರೆ ಬೇಡದ ಕಡೆ ಬಿಗಿಯಾಗಿ, ಬೇಕಾದ ಕಡೆ ಸೋರುತ್ತಲೇ ಇರುತ್ತದೆ. ಲೆಕ್ಕಕ್ಕೆ ಹೊಸ ಪುಸ್ತಕವಾಗಲಿ ಮೊಬೈಲಿನ ಆ್ಯಪ್ ಆಗಲಿ ಬೇಕಾಗಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ತಾರೀಖಿನ ಚೌಕದೊಳಗೆ ಹಾಲಿನ ಪ್ಯಾಕೆಟ್ಟಿನ ಲೆಕ್ಕ ಬರೆಯುವ ರೂಢಿ ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಇದ್ದೇ ಇದೆ. ನಾವು ಅದೇ ಚೌಕದ ಕೆಳಭಾಗದಲ್ಲಿ ಆ ದಿನದ ಒಟ್ಟು ಖರ್ಚನ್ನೂ, ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಅದರ ವಿವರವನ್ನೂ ಬರೆಯತೊಡಗಿದೆವು. ರಾತ್ರಿ ಊಟವಾದ ಮೇಲೆ ಐದು ನಿಮಿಷ, ಇಬ್ಬರೂ ಮೊಬೈಲ್ ತೆರೆದು ಯುಪಿಐ ಪಾವತಿಗಳನ್ನು ಓದಿ ಹೇಳುವುದು, ಮಗಳು ಬರೆಯುವುದು. ನಗದಿನಲ್ಲಿ ಕೊಟ್ಟದ್ದನ್ನು ಅತ್ತೆಯವರು ನೆನಪಿನಿಂದಲೇ ಹೇಳುತ್ತಿದ್ದರು. ಹೂವಿನವಳಿಗೆ ಕೊಟ್ಟ ಹತ್ತು ರೂಪಾಯಿಯನ್ನೂ ಅವರು ಮರೆತದ್ದಿಲ್ಲ.

ಡಿಸೆಂಬರ್ ಮುಗಿದಾಗ ಎಣಿಸಿ ನೋಡಿದರೆ ಇಬ್ಬರ ಮೊಬೈಲಿನಿಂದ 94 ಯುಪಿಐ ಪಾವತಿಗಳಾಗಿದ್ದವು. ಅವುಗಳಲ್ಲಿ 61 ಪಾವತಿಗಳು ನೂರು ರೂಪಾಯಿಗಿಂತ ಕಡಿಮೆಯವು: ಕಾಫಿ, ಚುರುಮುರಿ, ಜೆರಾಕ್ಸ್, ಎಳನೀರು, ಪೆನ್ನಿನ ರೀಫಿಲ್. ಇವೆಲ್ಲ ಸೇರಿ 2,380 ರೂಪಾಯಿ. ಇದನ್ನು ಕಂಡು ನನಗೆ ಗಾಬರಿಯಾಯಿತು. ಆದರೆ ಅದೇ ಹಾಳೆಯ ಇನ್ನೊಂದು ಮೂಲೆಯಲ್ಲಿ, ಮೊಬೈಲಿನಲ್ಲಿ ಆರ್ಡರ್ ಮಾಡಿ ಮನೆಗೆ ತರಿಸಿದ ಊಟ ಆರೇ ಆರು ಸಲ, ಒಟ್ಟು 2,700 ರೂಪಾಯಿ ಎಂದಿತ್ತು. ಅರುವತ್ತೊಂದು ಸಣ್ಣ ಸಂತೋಷಗಳಿಗಿಂತ ಆರು ಸೋಮಾರಿ ಸಂಜೆಗಳು ದುಬಾರಿಯಾಗಿದ್ದವು. ಹನಿಗೂಡಿದರೆ ಹಳ್ಳವೆಂಬುದು ನಿಜವಾದರೂ ಮನೆಯ ಖರ್ಚಿನಲ್ಲಿ ಮೊದಲು ಹುಡುಕಬೇಕಾದದ್ದು ಹನಿಯನ್ನಲ್ಲ ಎಂಬುದು ನಮಗೆ ತಿಳಿದದ್ದು ಆ ರಾತ್ರಿ. ಕಾಫಿ ಬಿಡಿ ಎಂದು ಬೋಧಿಸುವ ಉಳಿತಾಯದ ಸಲಹೆಗಳನ್ನು ಅಂದಿನಿಂದ ನಾನು ನಂಬುವುದಿಲ್ಲ.

ಮೂರನೆಯ ಹೆಜ್ಜೆ: ಮುಟ್ಟಬಾರದ ಖರ್ಚುಗಳಿಗೆ ಗೆರೆ ಎಳೆಯುವುದು

ಔಷಧಿ, ವಿಮೆಯ ಕಂತು, ಮಕ್ಕಳ ಶುಲ್ಕ, ಮನೆಗೆಲಸಕ್ಕೆ ಬರುವವರ ಸಂಬಳ ಇವನ್ನು ಪ್ರವಾಸದ ಹೆಸರಿನಲ್ಲಿ ಮುಟ್ಟಬಾರದು. ದಿನವೂ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿಕೊಂಡು ಜನೌಷಧಿ ಕೇಂದ್ರದಿಂದ ಅದೇ ಅಂಶದ ಜೆನೆರಿಕ್ ಮಾತ್ರೆ ಕೊಳ್ಳಬಹುದು. ಡೋಸ್ ಕಡಿಮೆ ಮಾಡುವುದು ಉಳಿತಾಯವಲ್ಲ. ಇವಲ್ಲದೆ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಸಣ್ಣ ಖರ್ಚನ್ನು ಪ್ರಶ್ನೆಯಿಲ್ಲದೆ ಬಿಟ್ಟುಕೊಡುವುದು ಒಳ್ಳೆಯದು. ನಮ್ಮಲ್ಲಿ ಅತ್ತೆಯವರಿಗೆ ದಿನದ ಮಲ್ಲಿಗೆ, ಯಜಮಾನರಿಗೆ ಸಂಜೆಯ ಬೈ-ಟೂ ಕಾಫಿ, ಮಗಳಿಗೆ ಶನಿವಾರದ ಪಾನಿಪುರಿ, ನನಗೆ ಒಂದು ವಾರಪತ್ರಿಕೆ. ಹತ್ತು ತಿಂಗಳು ಎಳೆಯಬೇಕಾದ ವ್ರತದಲ್ಲಿ ಇಷ್ಟು ಸಡಿಲಿಕೆ ಇಲ್ಲದಿದ್ದರೆ ಮೂರನೆಯ ತಿಂಗಳಲ್ಲೇ ಯಾರಾದರೊಬ್ಬರು ಸಿಡುಕುತ್ತಾರೆ.

ನಾಲ್ಕನೆಯ ಹೆಜ್ಜೆ: ಊಟದ ಲೆಕ್ಕ

ಹೆಚ್ಚು ಹಣ ಉಳಿಯುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತರಿಸಿ ತಿನ್ನುವ ಊಟದ ನಿಜವಾದ ಬೆಲೆ ತಿಳಿಯಬೇಕಾದರೆ ಎರಡು ಬಿಲ್ಲುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ನಮ್ಮ ಮನೆಯಿಂದ ಏಳುನೂರು ಮೀಟರ್ ದೂರದ ದರ್ಶಿನಿಯಲ್ಲಿ ಎರಡು ಮಸಾಲೆ ದೋಸೆ, ಒಂದು ಖಾಲಿ ದೋಸೆ, ಒಂದು ಪ್ಲೇಟ್ ಇಡ್ಲಿ-ವಡೆಗೆ ಕೌಂಟರಿನಲ್ಲಿ 260 ರೂಪಾಯಿ ಕೊಟ್ಟಿದ್ದೆವು. ಅದೇ ತಿಂಡಿಗಳನ್ನು ಅದೇ ವಾರ ಮೊಬೈಲಿನಲ್ಲಿ ತರಿಸಿದಾಗ ತಿಂಡಿಗಳ ಬೆಲೆಯೇ 310 ಎಂದು ಏರಿತ್ತು. ಅದರ ಮೇಲೆ ಪ್ಯಾಕಿಂಗ್ 20, ಡೆಲಿವರಿ 35, ಪ್ಲಾಟ್‌ಫಾರ್ಮ್ ಶುಲ್ಕ ಮತ್ತು ತೆರಿಗೆ ಸೇರಿ 35, ಒಟ್ಟು 400 ರೂಪಾಯಿ. ಹೆಚ್ಚುವರಿ 140 ರೂಪಾಯಿ ಕೊಟ್ಟು ನಾವು ಪಡೆದದ್ದು ಡಬ್ಬಿಯೊಳಗೆ ಬೆವರಿ ಮೆತ್ತಗಾದ ದೋಸೆಯನ್ನು. ಅಂದಿನಿಂದ ನಮ್ಮ ಮನೆಯ ನಿಯಮವೆಂದರೆ, ಹೊರಗಿನದನ್ನು ತಿನ್ನಬೇಕೆನಿಸಿದರೆ ಹೋಗಿ ಕುಳಿತು ತಿನ್ನುವುದು, ತರಿಸುವುದು ತಿಂಗಳಿಗೆ ಎರಡೇ ಸಲ. ಆರು ಸಲದಿಂದ ಎರಡು ಸಲಕ್ಕೆ ಇಳಿದದ್ದರಿಂದಲೇ ತಿಂಗಳಿಗೆ ಸುಮಾರು 1,800 ರೂಪಾಯಿ ಉಳಿಯಿತು.

ಆದರೆ ಊಟ ತರಿಸುವುದು ಆಸೆಯಿಂದಲ್ಲ, ಸಂಜೆ ಏಳೂವರೆಗೆ ಅಡುಗೆಮನೆಯಲ್ಲಿ ಏನೂ ಸಿದ್ಧವಿರುವುದಿಲ್ಲ ಎಂಬ ಕಾರಣದಿಂದ. ಈ ಮೂಲವನ್ನು ಸರಿಪಡಿಸದೆ ಬರೀ ನಿಯಮ ಮಾಡಿದರೆ ಪ್ರಯೋಜನವಿಲ್ಲ. ಭಾನುವಾರ ಸಂಜೆಯೇ ವಾರದ ಅಡುಗೆಯನ್ನು ಗೀಚಿಕೊಂಡು, ಕನಿಷ್ಠ ಎರಡು ರಾತ್ರಿಗಳಿಗೆ ಹದಿನೈದು ನಿಮಿಷದಲ್ಲಿ ಆಗುವಂಥದ್ದನ್ನು ಇಟ್ಟುಕೊಳ್ಳಬೇಕು: ಪುಳಿಯೋಗರೆ ಗೊಜ್ಜು ಇದ್ದರೆ ಅನ್ನ ಮಾಡಿದರೆ ಸಾಕು, ಹಿಟ್ಟು ಇದ್ದರೆ ದೋಸೆಗೆ ಚಟ್ನಿಪುಡಿ ಸಾಕು. ಹಿಟ್ಟಿನ ಪ್ಯಾಕೆಟ್ಟನ್ನು ವಾರಕ್ಕೆರಡು ಕೊಳ್ಳುತ್ತಿದ್ದ ನಾವು ಮತ್ತೆ ಗ್ರೈಂಡರ್ ಹೊರತೆಗೆದೆವು. ಮೂರು ಪಾವು ದೋಸೆ ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಒಂದು ಸಣ್ಣ ಚಮಚ ಮೆಂತ್ಯ, ರುಬ್ಬುವಾಗ ಒಂದು ಹಿಡಿ ನೆನೆಸಿದ ಅವಲಕ್ಕಿ. ಭಾನುವಾರ ರುಬ್ಬಿದ್ದು ಬುಧವಾರದವರೆಗೆ ದೋಸೆಗೆ, ಆಮೇಲೆ ಉಳಿದದ್ದು ಈರುಳ್ಳಿ, ಹಸಿಮೆಣಸಿನಕಾಯಿ ಬೆರೆತು ಗುಂಡುಪಂಗಳಕ್ಕೆ. ಇದರಿಂದ ಉಳಿದದ್ದು ತಿಂಗಳಿಗೆ ಸುಮಾರು 400.

ತಿಂಗಳ ಸಾಮಾನನ್ನು ಬಡಾವಣೆಯ ಅಂಗಡಿಯಿಂದ ದಿನಕ್ಕಷ್ಟು ತರುವುದರ ಬದಲು ಚೀಟಿ ಬರೆದುಕೊಂಡು ಒಮ್ಮೆ ಸಂತೆಪೇಟೆಗೆ ಹೋಗಿಬರುವುದು ಲಾಭಕರ. ಅಕ್ಕಿ, ಬೇಳೆ, ಬೆಲ್ಲ, ಒಣಮೆಣಸಿನಕಾಯಿಗಳ ದರದಲ್ಲಿ ವ್ಯತ್ಯಾಸ ಕಾಣುತ್ತದೆ. ತರಕಾರಿಯನ್ನು ಬೆಳಗಿನ ಹೊತ್ತು ಎಂ.ಜಿ. ರಸ್ತೆಯ ಮಾರುಕಟ್ಟೆಯಲ್ಲಿಯೋ ದೇವರಾಜ ಮಾರುಕಟ್ಟೆಯಲ್ಲಿಯೋ ವಾರಕ್ಕೊಮ್ಮೆ ಕೊಂಡು, ಸೊಪ್ಪನ್ನು ಮಾತ್ರ ಮನೆ ಮುಂದೆ ಬರುವವರಿಂದ ಆಯಾ ದಿನ ಕೊಳ್ಳುವುದು ನಮಗೆ ಹೊಂದಿತು. ಅವರೆಕಾಯಿಯ ಕಾಲದಲ್ಲಿ ಅವರೆ, ಮಾವಿನ ಕಾಲದಲ್ಲಿ ಮಾವು ಎಂಬ ಹಳೆಯ ಪದ್ಧತಿ ನಾಲಗೆಗೂ ಹಣಕ್ಕೂ ಹಿತ. ಇವೆಲ್ಲ ಸೇರಿ ಸುಮಾರು 500 ರೂಪಾಯಿ ಉಳಿಯಿತು.

ಸಗಟು ಕೊಳ್ಳುವ ಉಮೇದಿನಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಕೆ.ಜಿ.ಗೆ ಆರು ರೂಪಾಯಿ ಕಡಿಮೆಯೆಂದು ಒಟ್ಟಿಗೆ ಹತ್ತು ಕೆ.ಜಿ. ತೊಗರಿಬೇಳೆ ತಂದೆ. ಆಷಾಢದ ಜಡಿಮಳೆಯಲ್ಲಿ ಡಬ್ಬಿಯ ತಳದ ಮೂರು ಕೆ.ಜಿ.ಗೆ ಹುಳು ಬಿತ್ತು. ಉಳಿಸಿದ್ದು 60 ರೂಪಾಯಿ, ಕಳೆದದ್ದು ಅದರ ಹಲವು ಪಟ್ಟು. ಎರಡು ತಿಂಗಳಲ್ಲಿ ಮುಗಿಯುವುದಕ್ಕಿಂತ ಹೆಚ್ಚು ಬೇಳೆ ತರಬಾರದು. ತಂದದ್ದನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆ ನಾಲ್ಕು ಒಣಮೆಣಸಿನಕಾಯಿ ಹಾಕಿ ಮುಚ್ಚಿಡಬೇಕು.

ಮೊಸರಿನ ವಿಷಯದಲ್ಲಿ ಪ್ರಾಮಾಣಿಕವಾಗಿ ಹೇಳುವುದಾದರೆ ಉಳಿತಾಯ ಸಣ್ಣದು. 2025ರ ಏಪ್ರಿಲ್ ಪರಿಷ್ಕರಣೆಯಂತೆ ನಂದಿನಿಯ ನೀಲಿ ಪ್ಯಾಕೆಟ್ಟಿನ ಹಾಲು ಲೀಟರಿಗೆ 46, ಮೊಸರು 54. ದಿನಕ್ಕೆ ಅರ್ಧ ಲೀಟರ್ ಮೊಸರು ಬಳಸುವ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿಕೊಂಡರೆ ತಿಂಗಳಿಗೆ 120 ರೂಪಾಯಿ ಉಳಿಯುತ್ತದೆ, ಅಷ್ಟೇ. ಆದರೂ ರಾತ್ರಿ ಮಲಗುವ ಮುನ್ನ ಒಂದು ನಿಮಿಷದ ಕೆಲಸವಾದ್ದರಿಂದ ನಾವು ಬಿಡಲಿಲ್ಲ. ಅನ್ನ, ಬೇಳೆಗಳನ್ನು ಒಂದೇ ಕುಕ್ಕರಿನಲ್ಲಿ ಬೇಯಿಸುವುದು, ಕಾಳುಗಳನ್ನು ರಾತ್ರಿಯೇ ನೆನೆಹಾಕುವುದು ಗ್ಯಾಸ್ ಸಿಲಿಂಡರನ್ನು ಕೆಲವು ದಿನ ಹೆಚ್ಚು ಬಾಳಿಸುತ್ತವೆ; ಇದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ.

ಐದನೆಯ ಹೆಜ್ಜೆ: ವಿದ್ಯುತ್ತಿನ ಬಿಲ್ಲನ್ನು ಓದಲು ಕಲಿಯುವುದು

ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಉಚಿತವೆಂದು ತಿಳಿದವರು ಇನ್ನೂ ಇದ್ದಾರೆ. ವಾಸ್ತವದಲ್ಲಿ ಪ್ರತಿ ಮನೆಗೂ ಅದರದೇ ಆದ ಮಿತಿಯಿದೆ. ಸಾಮಾನ್ಯವಾಗಿ 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಬಳಸಿದ ಯೂನಿಟ್ಟುಗಳಿಗೆ ನೂರಕ್ಕೆ ಹತ್ತರಷ್ಟು ಸೇರಿಸಿ ಆ ಮಿತಿಯನ್ನು ನಿಗದಿಪಡಿಸಲಾಗಿದೆ. ಸರಾಸರಿ 120 ಇದ್ದ ಮನೆಗೆ ಮಿತಿ 132. ಅದರೊಳಗಿದ್ದರೆ ಬಿಲ್ಲು ಸೊನ್ನೆ. 132 ದಾಟಿ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್ಟುಗಳಿಗೆ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೂ ಕಟ್ಟಬೇಕು. ಆದ್ದರಿಂದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಬಿಲ್ಲು ಕೈಗೆ ಬಂದಾಗ ಮೊತ್ತವನ್ನಷ್ಟೇ ನೋಡದೆ ನಿಮ್ಮ ಅರ್ಹ ಯೂನಿಟ್ಟುಗಳೆಷ್ಟು, ಬಳಸಿದ್ದೆಷ್ಟು ಎಂಬುದನ್ನು ಗುರುತು ಮಾಡಿಟ್ಟುಕೊಳ್ಳಬೇಕು.

ಇದರಿಂದ ಹೊರಡುವ ತೀರ್ಮಾನ ಸ್ವಾರಸ್ಯವಾಗಿದೆ. ನಿಮ್ಮ ಬಿಲ್ಲು ಈಗಾಗಲೇ ಸೊನ್ನೆಯಿದ್ದರೆ ದೀಪ ಆರಿಸಿ ಓಡಾಡುವುದರಿಂದ ಪ್ರವಾಸದ ಗಂಟಿಗೆ ಒಂದು ರೂಪಾಯಿಯೂ ಸೇರುವುದಿಲ್ಲ. ದೀಪ ಆರಿಸುವುದು ಒಳ್ಳೆಯದೇ, ಆದರೆ ಉಳಿತಾಯದ ಶ್ರಮವನ್ನು ಬೇರೆ ಕಡೆ ಹಾಕಿ. ನಮ್ಮದು 132ರ ಮಿತಿಯ ಮೇಲೆ 170ರ ಆಸುಪಾಸಿನಲ್ಲಿ ತೂಗಾಡುತ್ತಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಗೀಸರ್. ಎರಡು ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಬೆಳಿಗ್ಗೆ ಆರಕ್ಕೆ ಒಬ್ಬರು, ಎಂಟಕ್ಕೆ ಒಬ್ಬರು, ಹತ್ತಕ್ಕೆ ಒಬ್ಬರು ಸ್ನಾನ ಮಾಡುತ್ತಿದ್ದುದರಿಂದ ಅದು ಮೂರು ಸಲ ತಣ್ಣಗಾಗಿ ಮೂರು ಸಲ ಕಾಯುತ್ತಿತ್ತು. ಆರರಿಂದ ಏಳರೊಳಗೆ ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸತೊಡಗಿದ ಮೇಲೆ ಮತ್ತು ಪ್ರತಿ ಹತ್ತು ದಿನಕ್ಕೊಮ್ಮೆ ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಮೇಲೆ ನಾವು ಮಿತಿಯೊಳಗೆ ಬಂದೆವು. ಉಳಿದದ್ದು ತಿಂಗಳಿಗೆ ಸುಮಾರು 250.

ಆರನೆಯ ಹೆಜ್ಜೆ: ಓಡಾಟ ಮತ್ತು ಮೊಬೈಲಿನ ಸೋರಿಕೆ

ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿರುವಾಗ ಊರೊಳಗೆ 15 ಕಿಲೋಮೀಟರ್ ಮೈಲೇಜ್ ಕೊಡುವ ಕಾರಿಗೆ ಕಿಲೋಮೀಟರಿಗೆ ಸುಮಾರು 7 ರೂಪಾಯಿ, 45 ಕೊಡುವ ಸ್ಕೂಟರಿಗೆ 2 ರೂಪಾಯಿ 30 ಪೈಸೆ ತಗಲುತ್ತದೆ. ಯಜಮಾನರ ಕಚೇರಿಗೆ ಹೋಗಿಬರಲು 12 ಕಿಲೋಮೀಟರ್. ವಾರದಲ್ಲಿ ಮೂರು ದಿನ ಕಾರು ಬಿಟ್ಟು ಸ್ಕೂಟರಿನಲ್ಲಿ ಹೋದದ್ದರಿಂದ ತಿಂಗಳಿಗೆ ಸುಮಾರು 670 ರೂಪಾಯಿ ಉಳಿಯಿತು. ನಾನು ಮಾರುಕಟ್ಟೆಗೆ ಆಟೋ ಬಿಟ್ಟು ನಗರ ಸಾರಿಗೆ ಬಸ್ಸಿನಲ್ಲಿ ಹೋಗತೊಡಗಿದೆ. ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ತರಕಾರಿ ಚೀಲದ ಭಾರ ಹೆಚ್ಚಿದ್ದ ದಿನ ಬರುವಾಗ ಆಟೋ ಹತ್ತಿದ್ದೂ ಉಂಟು, ಅದನ್ನು ಅಪರಾಧವೆಂದು ನಾನು ಎಣಿಸಿಲ್ಲ.

ಮೊಬೈಲಿನಲ್ಲಿ ಯುಪಿಐ ಆ್ಯಪ್ ತೆರೆದು ಆಟೋಪೇ ಎಂಬ ವಿಭಾಗವನ್ನು ಇಂದೇ ನೋಡಿ. ಎಂದೋ ಒಮ್ಮೆ ಒಪ್ಪಿಗೆ ಕೊಟ್ಟ ಚಂದಾಗಳು ಅಲ್ಲಿ ಸಾಲಾಗಿ ಕುಳಿತಿರುತ್ತವೆ. ಹಣ ಕಡಿತವಾಗುವುದಕ್ಕೆ 24 ಗಂಟೆ ಮೊದಲು ಸಂದೇಶ ಬರಬೇಕೆಂಬ ನಿಯಮವಿದ್ದರೂ ದಿನಕ್ಕೆ ನೂರು ಸಂದೇಶ ಬರುವ ಮೊಬೈಲಿನಲ್ಲಿ ಅದನ್ನು ಓದುವವರಾರು? ನಮ್ಮಲ್ಲಿ ಯಾರೂ ನೋಡದ ಒಂದು ವಿಡಿಯೊ ಚಂದಾ ಮತ್ತು ಮಗಳು ಬಿಟ್ಟುಬಿಟ್ಟಿದ್ದ ಒಂದು ಆಟದ ಚಂದಾ ಸೇರಿ 350 ರೂಪಾಯಿ ಹೋಗುತ್ತಿತ್ತು. ಆ್ಯಪನ್ನು ಅಳಿಸಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ಆಟೋಪೇ ಒಪ್ಪಿಗೆಯನ್ನೇ ರದ್ದು ಮಾಡಬೇಕು.

ಆ ಅರುವತ್ತೊಂದು ಸಣ್ಣ ಪಾವತಿಗಳನ್ನು ನಿಲ್ಲಿಸದಿದ್ದರೂ ಬೆಳೆಯದಂತೆ ನೋಡಿಕೊಳ್ಳಲು ಯುಪಿಐ ಆ್ಯಪಿನೊಳಗೆ ಮೊದಲೇ ಹಣ ತುಂಬಿಡುವ ಸಣ್ಣ ಪರ್ಸಿನಂಥ ಯುಪಿಐ ಲೈಟ್ ಒಳ್ಳೆಯ ಸಾಧನ. ಅದರಲ್ಲಿ ಗರಿಷ್ಠ 5,000 ರೂಪಾಯಿ ಇಡಬಹುದು, ಒಂದು ಪಾವತಿ 1,000 ಮೀರುವಂತಿಲ್ಲ. ಪ್ರತಿ ಸೋಮವಾರ 500 ರೂಪಾಯಿ ತುಂಬಿ, ಅದು ಮುಗಿದರೆ ಆ ವಾರದ ಚಿಲ್ಲರೆ ಖರ್ಚು ಮುಗಿಯಿತೆಂದು ಇಟ್ಟುಕೊಂಡೆವು. ತಾನಾಗಿಯೇ ಹಣ ತುಂಬಿಕೊಳ್ಳುವ ಸೌಲಭ್ಯವನ್ನು ಮಾತ್ರ ಖಂಡಿತ ಬಂದ್ ಮಾಡಿಡಬೇಕು, ಇಲ್ಲವಾದರೆ ಗಡಿಯೇ ಇರುವುದಿಲ್ಲ.

ಏಳನೆಯ ಹೆಜ್ಜೆ: ಮುಡಿಪು ಕಟ್ಟುವುದು

ಮೇಲಿನ ಮೊತ್ತಗಳನ್ನು ಕೂಡಿದರೆ ಕಾಗದದ ಮೇಲೆ 4,090 ರೂಪಾಯಿ ಆಗುತ್ತದೆ. ಮೊದಲ ತಿಂಗಳು ನಿಜವಾಗಿ ಉಳಿದದ್ದು ಸುಮಾರು 3,200. ಯಾವ ಮನೆಯಲ್ಲಿಯೂ ಕಾಗದದ ಲೆಕ್ಕ ಪೂರ್ತಿ ಕೈಗೆ ಬರುವುದಿಲ್ಲವಾದ್ದರಿಂದ ಗುರಿಗಿಂತ ಮೂರರಲ್ಲೊಂದು ಪಾಲು ಹೆಚ್ಚಿಗೆ ಹುಡುಕಿಟ್ಟುಕೊಳ್ಳಬೇಕು.

ಈ ಹಣವನ್ನು ತಿಂಗಳ ಕೊನೆಯಲ್ಲಿ ಉಳಿದರೆ ಎತ್ತಿಡುತ್ತೇವೆ ಎಂದರೆ ಅದು ಮುಡಿಪಲ್ಲ. ಸಂಬಳ ಬಂದ ಮೂರು ನಾಲ್ಕು ದಿನಗಳೊಳಗೆ, ಖರ್ಚು ಶುರುವಾಗುವ ಮೊದಲೇ, ಖಾತೆಯಿಂದ ಅದು ಎದ್ದು ಹೋಗಿರಬೇಕು. ತಿಂಗಳು ತಿಂಗಳು ನಿಗದಿತ ಮೊತ್ತ ಕಟ್ಟುತ್ತಾ ಹೋಗುವ ಬ್ಯಾಂಕಿನ ಆರ್‌ಡಿ ಠೇವಣಿ ಇದಕ್ಕೆ ತಕ್ಕದ್ದು. ಹಲವು ಬ್ಯಾಂಕುಗಳಲ್ಲಿ ಅದನ್ನು ಒಂದು ವರ್ಷಕ್ಕಿಂತ ಕಡಿಮೆ ಅವಧಿಗೂ ತೆರೆಯಬಹುದು. ಅಂಚೆ ಕಚೇರಿಯ ಆರ್‌ಡಿ ವಿಶ್ವಾಸಾರ್ಹವೇ ಆದರೂ ಅದರ ಅವಧಿ ಐದು ವರ್ಷ, ಆದ್ದರಿಂದ ಒಂದು ವರ್ಷದೊಳಗಿನ ಪ್ರವಾಸಕ್ಕೆ ಹೊಂದದು.

ಇಲ್ಲಿ ಅನೇಕರು ಗಮನಿಸದ ಒಂದು ತೊಡಕಿದೆ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಮೊದಲು ಅದು 120 ದಿನವಿತ್ತು. ನವೆಂಬರ್ ಪ್ರಯಾಣದ ಟಿಕೆಟ್ಟನ್ನು ಸೆಪ್ಟೆಂಬರಿನಲ್ಲಿಯೇ ಕೊಳ್ಳಬೇಕು, ಆದರೆ ಜನವರಿಯಲ್ಲಿ ತೆರೆದ ಹತ್ತು ತಿಂಗಳ ಆರ್‌ಡಿ ಕೈಗೆ ಬರುವುದು ನವೆಂಬರಿನಲ್ಲಿ. ಅದನ್ನು ಅವಧಿಗೆ ಮುಂಚೆ ಮುರಿದರೆ ಬಡ್ಡಿಯಲ್ಲಿ ಕಡಿತವಾಗುತ್ತದೆ. ಹೀಗಾಗಿ ನಾವು ಮುಡಿಪನ್ನು ಎರಡು ಗಂಟುಗಳಾಗಿ ಕಟ್ಟಿದೆವು. 2,500 ರೂಪಾಯಿ ಆರ್‌ಡಿಗೆ. 500 ರೂಪಾಯಿ ಅತ್ತೆಯವರ ಹೆಸರಿನ ಉಳಿತಾಯ ಖಾತೆಗೆ, ಅದಕ್ಕೆ ಯುಪಿಐ ಜೋಡಿಸಲೇ ಇಲ್ಲ. ಸೆಪ್ಟೆಂಬರಿಗೆ ಆ ಸಣ್ಣ ಗಂಟಿನಲ್ಲಿ 4,500 ಸೇರಿ, ರೈಲಿನ ಟಿಕೆಟ್ಟಿಗೂ ಕೋಣೆಯ ಮುಂಗಡಕ್ಕೂ ಸರಿಹೋಯಿತು. ಆರ್‌ಡಿಯಲ್ಲಿ ಶೇಕಡಾ 6ರ ಬಡ್ಡಿ ಹಿಡಿದರೂ ಹತ್ತು ತಿಂಗಳಿಗೆ ಸುಮಾರು 690 ರೂಪಾಯಿ ಮಾತ್ರ ಬರುತ್ತದೆ. ಬಡ್ಡಿಗಾಗಿ ಆರ್‌ಡಿ ಕಟ್ಟುವುದಲ್ಲ, ಕೈಗೆ ಸಿಗದಿರಲೆಂದು ಕಟ್ಟುವುದು.

ಕಂತಿನ ಮೇಲೆ ಪ್ರವಾಸ, ಕ್ರೆಡಿಟ್ ಕಾರ್ಡಿನ ಮೇಲೆ ಪ್ರವಾಸ ಎಂಬ ಜಾಹೀರಾತುಗಳಿಗೆ ಮರುಳಾಗಬೇಡಿ. ಕಾರ್ಡಿನ ಬಾಕಿಯಲ್ಲಿ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗೂ ಮಿಕ್ಕಿ ಬಡ್ಡಿ ಬೀಳುವುದು ಸಾಮಾನ್ಯ.

ಎಂಟನೆಯ ಹೆಜ್ಜೆ: ಹಬ್ಬದ ತಿಂಗಳುಗಳನ್ನು ದಾಟುವುದು

ಮೈಸೂರಿನಲ್ಲಿ ವಾಸಿಸುವವರಿಗೆ ಆಗಸ್ಟಿನಿಂದ ಅಕ್ಟೋಬರ್‌ವರೆಗಿನ ಅವಧಿ ಕಠಿಣ. ವರಮಹಾಲಕ್ಷ್ಮಿ, ಗೌರಿ-ಗಣೇಶ ಮುಗಿಯುವಷ್ಟರಲ್ಲಿ ದಸರೆ ಬರುತ್ತದೆ. ಗೊಂಬೆ ಕೂರಿಸಬೇಕು, ಜಂಬೂಸವಾರಿ ನೋಡಲು ಊರಿನಿಂದ ನೆಂಟರು ಬರುತ್ತಾರೆ, ಬಂದವರಿಗೆ ಹೋಳಿಗೆಯಾಗದೆ ಕಳಿಸುವಂತಿಲ್ಲ. ನಮ್ಮ ಲೆಕ್ಕ ತಪ್ಪಿದ್ದೂ ಇಲ್ಲಿಯೇ. ಆಗಸ್ಟಿನಲ್ಲಿ ಕಲಶಕ್ಕೆ ಸೀರೆ, ತಾಂಬೂಲ, ಹಣ್ಣು ಎಂದು ಕೈಮೀರಿದಾಗ ನಾನು ಅತ್ತೆಯವರ ಖಾತೆಯಿಂದ 1,200 ರೂಪಾಯಿ ತೆಗೆಸಿದೆ. ಅವರು ಬೈಯಲಿಲ್ಲ. "ಮುಡಿಪು ಬಿಚ್ಚಿದ ಮೇಲೆ ತಪ್ಪುಕಾಣಿಕೆ ಹಾಕ್ಬೇಕಮ್ಮ" ಎಂದಷ್ಟೇ ಹೇಳಿದರು. ಸೆಪ್ಟೆಂಬರ್ ಸಂಬಳ ಬಂದೊಡನೆ 1,300 ಹಿಂದಿರುಗಿಸಿದೆವು. ಅಂದಿನಿಂದ ಇದೇ ಮನೆಯ ಕಾನೂನಾಯಿತು: ಮುಡಿಪಿನಿಂದ ಯಾರೇ ತೆಗೆದರೂ ಮುಂದಿನ ಸಂಬಳಕ್ಕೆ ನೂರು ರೂಪಾಯಿ ಸೇರಿಸಿ ಹಾಕಬೇಕು. ಯಜಮಾನರೂ ಒಮ್ಮೆ ಹಾಕಿದ್ದಾರೆ. ಈಗ ನಾವು ಜನವರಿಯಿಂದಲೇ ಹಬ್ಬಕ್ಕೆಂದು ತಿಂಗಳಿಗೆ 400 ರೂಪಾಯಿಯನ್ನು ಪ್ರತ್ಯೇಕವಾಗಿ ಎತ್ತಿಡುತ್ತೇವೆ. ಆರಂಭದಲ್ಲಿಯೇ ಹೀಗೆ ಮಾಡಿದ್ದರೆ ಸಾಕಿತ್ತು.

ಒಂಬತ್ತನೆಯ ಹೆಜ್ಜೆ: ಪ್ರವಾಸದಲ್ಲಿಯೇ ಉಳಿಸುವುದು

ಟಿಕೆಟ್ ತೆರೆಯುವ ದಿನ ಬೆಳಿಗ್ಗೆಯೇ ಕುಳಿತು ಕೊಂಡರೆ ತತ್ಕಾಲ್‌ನ ಹೆಚ್ಚುವರಿ ದರ ತಪ್ಪುತ್ತದೆ. ರೈಲು ಸಿಗದೆ ಕೆಎಸ್‌ಆರ್‌ಟಿಸಿ ಬಸ್ಸಿಗೆ ಮುಂಗಡ ಮಾಡುವವರು ನಾಲ್ವರು ಅಥವಾ ಹೆಚ್ಚು ಮಂದಿಯ ಟಿಕೆಟ್ಟನ್ನು ಒಟ್ಟಿಗೆ ತೆಗೆದರೆ ಶೇಕಡಾ 5, ಹೋಗುವ ಬರುವ ಟಿಕೆಟ್ಟನ್ನು ಒಮ್ಮೆಗೇ ತೆಗೆದರೆ ಬರುವ ಪ್ರಯಾಣಕ್ಕೆ ಶೇಕಡಾ 10 ರಿಯಾಯಿತಿ ಇರುವುದನ್ನು ಕೇಳಿ ಪಡೆಯಬೇಕು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ.

ಹಂಪಿಯಲ್ಲಿ ವಿಜಯ ವಿಠ್ಠಲ ದೇವಾಲಯಕ್ಕೆ ಕೊಳ್ಳುವ 40 ರೂಪಾಯಿಯ ಟಿಕೆಟ್ಟು ಅದೇ ದಿನ ಕಮಲ ಮಹಲಿನ ಆವರಣಕ್ಕೂ ಸಲ್ಲುತ್ತದೆ, ಆದ್ದರಿಂದ ಅವೆರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಕು. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಮಗಳ ಶಾಲೆಯ ಗುರುತಿನ ಚೀಟಿ ನಮ್ಮ ಚೀಲದಲ್ಲಿತ್ತು. ಮೊದಲ ದಿನದ ರಾತ್ರಿಗೂ ಮರುದಿನದ ಬೆಳಿಗ್ಗೆಗೂ ಅತ್ತೆಯವರು ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಕಟ್ಟಿಕೊಂಡಿದ್ದರು. ಗೈಡಿನ ಹಣವನ್ನು ಮಾತ್ರ ಉಳಿಸಲು ಹೋಗಬೇಡಿ. ಮಹಾನವಮಿ ದಿಬ್ಬದ ಕೆಳಸಾಲಿನ ಕೆತ್ತನೆಗಳಲ್ಲಿ ಆನೆ, ಕುದುರೆ, ಕೋಲಾಟದ ಹೆಂಗಸರನ್ನು ಒಬ್ಬರು ಬೊಟ್ಟು ಮಾಡಿ ತೋರಿಸಿದಾಗ, ವರ್ಷವೂ ಅರಮನೆಯ ಮುಂದೆ ಮೆರವಣಿಗೆ ನೋಡುವ ನಮ್ಮ ಮಗಳು ಅಲ್ಲಿಯೇ ಅರ್ಧ ಗಂಟೆ ಕುಳಿತುಬಿಟ್ಟಳು.

ಎಲ್ಲ ಮುಗಿದು ಮನೆಗೆ ಬಂದು ಲೆಕ್ಕ ಹಾಕಿದಾಗ ಬಡ್ಡಿಯೂ ತಪ್ಪುಕಾಣಿಕೆಯೂ ಸೇರಿ 1,740 ರೂಪಾಯಿ ಮಿಕ್ಕಿತ್ತು. ಅದನ್ನು ಯಾವ ಖರ್ಚಿಗೂ ಬಿಡದೆ ಅತ್ತೆಯವರ ಖಾತೆಯಲ್ಲಿಯೇ ಇಟ್ಟು ಮುಂದಿನ ಮುಡಿಪಿನ ಮೊದಲ ಕಂತು ಎಂದು ಬರೆದೆವು. ಊರು ಇನ್ನೂ ನಿಶ್ಚಯವಾಗಿಲ್ಲ. ಮೈಸೂರಿನಿಂದ ತಾಳಗುಪ್ಪಕ್ಕೆ ನೇರ ರೈಲಿದೆಯೆಂದು ಮಗಳು ಜೋಗದ ಹೆಸರು ಹೇಳುತ್ತಾಳೆ. ವಾರಾಣಸಿಗೂ ಇದೆಯಲ್ಲ ಎನ್ನುತ್ತಾರೆ ಅತ್ತೆ. ಕಾಶಿಯಾದರೆ ತಿಂಗಳಿಗೆ 3,000 ಸಾಲದು, ಕ್ಯಾಲೆಂಡರಿನ ಹಿಂಬದಿಯನ್ನು ಇನ್ನೊಮ್ಮೆ ಓದಬೇಕಾಗುತ್ತದೆ.